ನೆಲಮಾಳಿಗೆಯಲ್ಲೊಂದು ಕೆರೆ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ಸಾಕಿ, ಅವುಗಳ ವಿಹಾರವನ್ನು ನೋಡಿ ನಲಿಯುವ ಹವ್ಯಾಸವು ತೀರ ಪುರಾತನವಾದುದೇನೂ ಅಲ್ಲ. ಸಾರ್ವಜನಿಕರಿಗಾಗಿ ಪ್ರಥಮ ಮತ್ಸ್ಯಾಲಯವು ಲಂಡನ್ನಿನ ಮೃಗಾಲಯದಲ್ಲಿ ತೆರೆದದ್ದು 1853ರಲ್ಲಿ. ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯವು 1951ರಲ್ಲಿಯೂ, ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯವು 1983ರಲ್ಲಿಯೂ ಆರಂಭವಾದವು. ಈಗ ಆ ಹವ್ಯಾಸವು ಮನೆಯ ಹಜಾರವನ್ನು ದಾಟಿ ನೆಲಮಾಳಿಗೆಗೂ ಇಳಿದಿದೆ. ಸಾವಿರಾರು ಲೀಟರ್ ನೀರು ಹಿಡಿಯುವ ತೊಟ್ಟಿಗಳನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳುವ ಉತ್ಸಾಹಿಗಳು ಹಲವು ದೇಶಗಳಲ್ಲಿದ್ದಾರೆ. ನಮ್ಮ ತಾರ್ನಾಕದಲ್ಲಿಯೂ ಸ್ವಂತ ಮನೆ, ಸ್ವಂತ ನೆಲಮಾಳಿಗೆ ಉಳ್ಳವರಿಗೆ ಇಂಥ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ.

ಬಾಡಿಗೆ ಕೋಣೆಯಲ್ಲಿ ನಾಲ್ವರೊಡನೆ ವಾಸಿಸುವ ತಮಗೆ ಇದರಿಂದೇನು ಪ್ರಯೋಜನವೆಂದು ವಾಚಕರು ಕೇಳಬಹುದು. ನೀರನ್ನು ಕಟ್ಟಿ ನಿಲ್ಲಿಸುವ ಧರ್ಮವು ದೊಡ್ಡ ತೊಟ್ಟಿಗೂ ಮೇಜಿನ ಮೇಲಿನ ಭರಣಿಗೂ ಒಂದೇ. ಆ ಧರ್ಮವನ್ನು ಅರಿಯಲು ದೊಡ್ಡ ತೊಟ್ಟಿಯೇ ಒಳ್ಳೆಯ ಪಾಠ.

ನೀರಿನ ಭಾರ

ಇದಕ್ಕೆ ಶಾಲೆಯಲ್ಲಿ ಕಲಿತ ಲೆಕ್ಕವೇ ಸಾಕು. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ತೊಟ್ಟಿಯಲ್ಲಿ 192 ಘನ ಅಡಿ, ಎಂದರೆ ಸುಮಾರು 5,400 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಆದುದರಿಂದ ನೀರಿನ ಭಾರವೊಂದೇ ಐದೂವರೆ ಟನ್ನಿನ ಸಮೀಪಕ್ಕೆ ಬಂದಿತು. ತೊಟ್ಟಿ, ಮರಳು, ಕಲ್ಲುಗಳ ತೂಕ ಬೇರೆ. ಇಂಥದನ್ನು ಮಹಡಿಯ ಮೇಲಿಡುವುದು ಅವಿವೇಕ. ಭದ್ರವಾದ ನೆಲದ ಮೇಲೆಯೇ ನಿಂತಿರುವ ನೆಲಮಾಳಿಗೆಗೆ ಹವ್ಯಾಸಿಗಳು ಇಳಿಯುವುದು ಈ ಕಾರಣದಿಂದಲೇ.

ನೀರು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಒತ್ತುತ್ತದೆ. ಮೇಲೆ ಹೇಳಿದ ತೊಟ್ಟಿಯ ಮುಂಭಾಗದ ಗಾಜಿನ ಮೇಲೆ ಬೀಳುವ ಒಟ್ಟು ಒತ್ತಡ ಸುಮಾರು 2,700 ಕಿಲೋ. ಈ ಒತ್ತಡವನ್ನು ನಿರ್ಣಯಿಸುವುದು ನೀರಿನ ಆಳವೇ ಹೊರತು ಅದರ ವಿಸ್ತಾರವಲ್ಲ. ಗಾಜಿನ ಹಿಂದೆ ಹುಸೇನ್ ಸಾಗರವೇ ಇದ್ದರೂ ಆಳವು ನಾಲ್ಕೇ ಅಡಿಯಾದರೆ ಗಾಜು ಹೊರಬೇಕಾದ ಹೊರೆ ಅಷ್ಟೇ. ಎತ್ತರವನ್ನು ಇಮ್ಮಡಿ ಮಾಡಿದರೆ ಹೊರೆಯು ನಾಲ್ಮಡಿಯಾಗುತ್ತದೆ. ಆಸೆಯನ್ನು ಉದ್ದ ಅಗಲಗಳಿಗೆ ಬಿಡಬಹುದು, ಎತ್ತರದಲ್ಲಿ ಸಂಯಮವಿರಲಿ.

ಮೂರು ಬದಿಗಳನ್ನು ಕಬ್ಬಿಣ ಕಟ್ಟಿದ ಕಾಂಕ್ರೀಟಿನಿಂದ ಕಟ್ಟಿ, ಒಂದು ಬದಿಗೆ ಮಾತ್ರ ದಪ್ಪ ಗಾಜನ್ನು ಕೂಡಿಸುವುದು ಸುಲಭ ಕ್ರಮ. ಗಾಜನ್ನು ಒಳಗಡೆಯಿಂದ ಚೌಕಟ್ಟಿಗೆ ಕೂಡಿಸಬೇಕು. ಆಗ ನೀರೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಗಾಜಿನ ದಪ್ಪವನ್ನು ಬಲ್ಲ ಎಂಜಿನಿಯರರಿಂದಲೇ ನಿರ್ಣಯಿಸಬೇಕು. ಹಸಿ ಸಿಮೆಂಟಿನಿಂದ ಸುಣ್ಣ ಬಿಡುವುದರಿಂದ ಒಳಮೈಗೆ ಮೀನಿಗೆ ಅಪಾಯವಿಲ್ಲದ ಎಪಾಕ್ಸಿ ಲೇಪ ಅಗತ್ಯ. ಬಳಿಕ ನೀರು ತುಂಬಿ, ಮೀನಿಲ್ಲದೆ, ಹಲವು ದಿನ ಪರೀಕ್ಷಿಸಬೇಕು.

ಕೋಡಿಯನ್ನು ಮೊದಲು ನೆನೆ

ಏರಿಯನ್ನು ಕಟ್ಟುವಾಗಲೇ ತೂಬು, ಕೋಡಿಗಳನ್ನು ಯೋಚಿಸಿದವರು ನಮ್ಮ ಪೂರ್ವಿಕರು. ಹೆಚ್ಚಾದ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯ ಬೆಲೆಯನ್ನು ಹೈದರಾಬಾದು 1908ರ ಮೂಸಿ ಪ್ರವಾಹದಲ್ಲಿ ತೆತ್ತಿತು. ಅನಂತರ ನಿಜಾಮ ಸರಕಾರವು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು.

ನೆಲಮಾಳಿಗೆಯ ಕೆರೆಗೂ ಇದೇ ನ್ಯಾಯ. ಬೀದಿಯ ಚರಂಡಿಯು ನೆಲಮಾಳಿಗೆಗಿಂತ ಮೇಲಿರುವುದರಿಂದ ಚೆಲ್ಲಿದ ನೀರು ತಾನಾಗಿ ಹೊರಹೋಗದು. ಒಂದು ಗುಂಡಿ, ನೀರೇರಿದೊಡನೆ ತಾನೇ ಓಡುವ ಪಂಪು, ವಿದ್ಯುತ್ತು ಹೋದಾಗ ಅದನ್ನು ನಡೆಸಲು ಬ್ಯಾಟರಿ, ಇಷ್ಟು ಮೊದಲೇ ಇರಬೇಕು. 2020ರ ಅಕ್ಟೋಬರಿನ ಮಳೆಯಲ್ಲಿ ಈ ನಗರದ ಎಷ್ಟೋ ನೆಲಮಾಳಿಗೆಗಳು ತುಂಬಿಹೋದುದನ್ನು ಮರೆಯಲಾಗದು. ವಿದ್ಯುತ್ ತಂತಿಗಳೆಲ್ಲ ನೆಲದಿಂದ ಎತ್ತರದಲ್ಲಿರಲಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯು ವಾಹನಗಳಿಗೆಂದು ಮೀಸಲಾದದ್ದು, ಎಲ್ಲರ ಸೊತ್ತು. ಅಲ್ಲಿ ಈ ಸಾಹಸ ಸಲ್ಲದು.

ಹಣವಿದ್ದ ಮಾತ್ರಕ್ಕೆ ನೀರು ಮಣಿಯುವುದಿಲ್ಲ. ಬರ್ಲಿನ್ ನಗರದ ಒಂದು ಹೋಟೆಲಿನ ಅಂಗಣದಲ್ಲಿ ನಿಂತಿದ್ದ ಅಕ್ವಾಡೋಮ್ ಎಂಬ ಮಹಾತೊಟ್ಟಿಯು 2022ರ ಡಿಸೆಂಬರ್ 16ರ ಮುಂಜಾವಿನಲ್ಲಿ ಒಡೆಯಿತು. ಸುಮಾರು ಹತ್ತು ಲಕ್ಷ ಲೀಟರ್ ನೀರು ಹೊರನುಗ್ಗಿತು; ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಕೆಳಗಿನ ಸಣ್ಣ ತೊಟ್ಟಿಗಳಲ್ಲಿ ನೂರಾರು ಮೀನುಗಳು ಉಳಿದಿದ್ದವು. ಆದರೆ ವಿದ್ಯುತ್ತು ನಿಂತುಹೋದುದರಿಂದ ಅವನ್ನೂ ತುರ್ತಾಗಿ ಬೇರೆಡೆಗೆ ಸಾಗಿಸಬೇಕಾಯಿತು. ಅದು ಹಗಲಿನಲ್ಲಿ ಒಡೆದಿದ್ದರೆ ಅಂಗಣದಲ್ಲಿ ಓಡಾಡುವ ಗಿರಾಕಿಗಳ, ಕೆಲಸಗಾರರ ಗತಿ ಏನಾಗುತ್ತಿತ್ತು!

ಕಾಣದ ದುಡಿಮೆಗಾರರು

ಹೋಟೆಲಿಗೆ ಬಂದ ಗಿರಾಕಿಯು ಗಲ್ಲೆಯನ್ನೂ ಮಾಣಿಯನ್ನೂ ಕಾಣುತ್ತಾನೆ. ಹಿಂದೆ ಲೋಟ ತಟ್ಟೆ ತೊಳೆಯುವವರನ್ನು ಕಾಣುವುದಿಲ್ಲ. ಅವರು ಒಂದು ಗಂಟೆ ಕೈಕಟ್ಟಿ ನಿಂತರೆ ಮುಂದಿನ ವೈಭವವೆಲ್ಲ ಮುಗಿಯಿತು. ಮೀನಿನ ತೊಟ್ಟಿಯಲ್ಲಿಯೂ ಹಾಗೆಯೇ. ಮೀನಿನ ದೇಹದಿಂದ ಅಮೋನಿಯವೆಂಬ ವಿಷವು ಎಡೆಬಿಡದೆ ಹೊರಬೀಳುತ್ತದೆ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ಅಷ್ಟು ಅಪಾಯಕರವಲ್ಲದ ನೈಟ್ರೇಟನ್ನಾಗಿಸುತ್ತವೆ. ಇವು ಸೋಸುಕದ ಸ್ಪಂಜು, ಜಲ್ಲಿಕಲ್ಲುಗಳಲ್ಲಿ ನೆಲೆಸಿ ಹೆಚ್ಚಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ತಾಳ್ಮೆಯಿಲ್ಲದೆ ಮೊದಲ ದಿನವೇ ತೊಟ್ಟಿಯ ತುಂಬ ಮೀನು ಬಿಟ್ಟವನು ಅವುಗಳನ್ನು ಕೊಂದಂತೆಯೇ. ನೀರಿನ ಹರಿವು ನಿಂತರೆ ಪ್ರಾಣವಾಯುವಿಲ್ಲದೆ ಈ ಜೀವಿಗಳೂ ಸಾಯುತ್ತವೆ. ನಲ್ಲಿನೀರಿನ ಕ್ಲೋರಿನ್ನಿಗೂ ಅವು ಬಲಿಯಾಗುತ್ತವೆ. ಆದಕಾರಣ ಕ್ಲೋರಿನ್ನನ್ನು ಕಳೆದ ನೀರನ್ನೇ ತುಂಬಬೇಕು.

ವಾರಕ್ಕೆ ಐದನೆಯ ಒಂದು ಭಾಗ ನೀರನ್ನು ಬದಲಿಸುವುದಾದರೆ ಮೇಲಿನ ತೊಟ್ಟಿಗೆ ಸಾವಿರ ಲೀಟರಿಗೂ ಮಿಕ್ಕಿ ಬೇಕು. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ನಗರದಲ್ಲಿ ಇದು ಸಣ್ಣ ಮಾತಲ್ಲ. ಹೈದರಾಬಾದಿಗೆ ನೀರುಣಿಸುವ ಮಾಂಜ್ರಾ ನದಿಯು ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುತ್ತದೆ; ಕೃಷ್ಣೆಯೂ ಕನ್ನಡ ನೆಲವನ್ನು ದಾಟಿಯೇ ಬರುತ್ತಾಳೆ. ಆ ನೀರನ್ನು ಚರಂಡಿಗೆ ಚೆಲ್ಲದೆ ಗಿಡಗಳಿಗೆ ಹಾಯಿಸಬೇಕು. ಅದರಲ್ಲಿನ ನೈಟ್ರೇಟು ಅವಕ್ಕೆ ಗೊಬ್ಬರವೂ ಹೌದು.

ಮೀನನ್ನು ಕೊಳ್ಳುವ ಮುನ್ನ ಅದು ಎಷ್ಟು ಬೆಳೆಯುವುದೆಂದು ಕೇಳಬೇಕು. ಬೆರಳುದ್ದದ ಅರಪೈಮ ಮರಿಯು ಆರಡಿಯನ್ನು ಮೀರಿ ಬೆಳೆಯಬಲ್ಲದು. ನಾಲ್ಕಡಿ ಅಗಲದಲ್ಲಿ ಅದು ಹೊರಳುವುದೆಂತು? ಹಾಗೆಂದು ಬೆಳೆದ ಪರದೇಶದ ಮೀನನ್ನು ಕೆರೆಗೆ ಬಿಡುವುದು ಇನ್ನೂ ದೊಡ್ಡ ಅಪರಾಧ. ತೊಟ್ಟಿಗಳಿಂದ ತಪ್ಪಿದ ಸಕ್ಕರ್ ಮೀನುಗಳು ಆಂಧ್ರ ತೆಲಂಗಾಣಗಳ ಜಲಾಶಯಗಳಲ್ಲಿ ಹಬ್ಬಿ, ಬೆಸ್ತರ ಬಲೆಗಳನ್ನು ಹರಿಯುತ್ತಿವೆ.

ಇಷ್ಟನ್ನು ಹೇಳಿದುದು ಯಾರ ಉತ್ಸಾಹವನ್ನೂ ಕುಂದಿಸಲಿಕ್ಕಲ್ಲ. ದೊಡ್ಡ ತೊಟ್ಟಿಗೆ ಒಂದು ಗುಣವುಂಟು: ನೀರು ಹೆಚ್ಚಿದ್ದಷ್ಟೂ ಅದರ ಶಾಖವೂ ಶುದ್ಧಿಯೂ ನಿಧಾನವಾಗಿ ಬದಲಾಗುವುದರಿಂದ ಮೀನುಗಳಿಗೆ ನೆಮ್ಮದಿ. ಆದರೆ ಅಂಗೈಯಗಲದ ಭರಣಿಯಿರಲಿ, ನೆಲಮಾಳಿಗೆಯ ಕೆರೆಯಿರಲಿ, ಅದರೊಳಗಿನ ಜೀವವು ತಾನಾಗಿ ಅಲ್ಲಿಗೆ ಬಂದುದಲ್ಲ, ಬಿಟ್ಟುಹೋಗಲೂ ಅದಕ್ಕೆ ದಾರಿಯಿಲ್ಲ. ನಡುರಾತ್ರಿ ವಿದ್ಯುತ್ತು ಹೋದಾಗ ಏಳುವವರು ಯಾರು, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಮೊದಲ ಇಟ್ಟಿಗೆಯನ್ನಿಡುವುದು ಮೇಲು.