ತೋತಾಪುರಿ ಲಾರಿ ಮತ್ತು ಯುರೋಪಿಯನ್ ಯೂನಿಯನ್

ಯುರೋಪಿಯನ್ ಸ್ಟಡೀಸ್ ಅಂತ ಒಂದು ವಿಷಯ ಇದೆ. ಯುರೋಪಿನ 27 ದೇಶಗಳು ಸೇರಿ ಒಂದೇ ಮಾರುಕಟ್ಟೆ ಹೇಗೆ ಕಟ್ಟಿಕೊಂಡವು, ಅದರ ಕಾನೂನು, ಕೃಷಿ ನೀತಿ, ವ್ಯಾಪಾರ ನೀತಿ ಹೇಗೆ ನಡೆಯುತ್ತೆ ಅನ್ನೋದನ್ನ ಇಲ್ಲಿ ಓದ್ತಾರೆ. ದೆಹಲಿಯ ಜೆಎನ್‌ಯುನಲ್ಲಿ, ನಮ್ಮ ಮಣಿಪಾಲದಲ್ಲಿ ಇದಕ್ಕೆ ಅಂತಲೇ ಕೇಂದ್ರಗಳಿವೆ. ಇದೆಲ್ಲಾ ನಮಗ್ಯಾಕೆ ಅಂತ ಕೇಳೋರಿಗೆ ಮುಳಬಾಗಿಲಿನ ಕಡೆಯಿಂದ ಒಂದು ಉತ್ತರ ಇದೆ.

ಮುಳಬಾಗಿಲಿನಿಂದ ಚಿತ್ತೂರಿಗೆ ಹೋಗುವಾಗ ನಂಗಲಿ ದಾಟಿದರೆ ಆಂಧ್ರ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಇನ್ನು ಇಡೀ ದೇಶವೇ ಒಂದು ಮಾರ್ಕೆಟ್ ಅಂದುಕೊಂಡ್ವಿ. ಆದರೆ 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಒಳಗೆ ಬರೋ ಹಾಗಿಲ್ಲ ಅಂತ ಆದೇಶ ಮಾಡಿತು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೋತಾಪುರಿಗೆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳೇ ದೊಡ್ಡ ಗಿರಾಕಿ. ಅಲ್ಲಿನ ರೈತರಿಗೂ ಬೆಲೆ ಬಿದ್ದಿತ್ತು, ಅವರನ್ನ ಉಳಿಸೋಕೆ ಹೀಗೆ ಮಾಡಿದರು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಆಮೇಲೆ ಕೇಂದ್ರ ಸರ್ಕಾರ ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ ಕ್ವಿಂಟಾಲ್‌ಗೆ ₹1,616 ಬೆಲೆ ಘೋಷಿಸಿತು. ಆದರೆ ಮರದಲ್ಲಿ ಹಣ್ಣಾಗ್ತಿರೋ ಕಾಯಿ ಪತ್ರದ ಉತ್ತರಕ್ಕೆ ಕಾಯುತ್ತಾ?

ಇದೇ ಕಥೆ ಯುರೋಪಲ್ಲೂ ನಡೆದಿದೆ. ಫ್ರಾನ್ಸಿನ ರೈತರು ಸ್ಪೇನಿನ ಸ್ಟ್ರಾಬೆರಿ, ಟೊಮೆಟೊ ಲಾರಿಗಳನ್ನ ಅಡ್ಡಗಟ್ಟಿ ಮಾಲು ಹಾಳು ಮಾಡ್ತಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ದೂರುಗಳು ಬಂದವು. ಕೊನೆಗೆ ಯುರೋಪಿಯನ್ ಕಮಿಷನ್ ಫ್ರಾನ್ಸ್ ಮೇಲೇ ಕೇಸ್ ಹಾಕಿತು. 1997ರ ಡಿಸೆಂಬರ್ 9ರಂದು ಯೂನಿಯನ್ ಕೋರ್ಟ್ ತೀರ್ಪು ಕೊಟ್ಟಿತು: ಸರ್ಕಾರ ತಾನೇ ಲಾರಿ ತಡೆಯದಿದ್ದರೂ, ತಡೆಯುವವರನ್ನ ನೋಡಿಕೊಂಡು ಸುಮ್ಮನಿದ್ದರೆ ಅದೂ ತಪ್ಪೇ. ಆದರೂ ಹಣ್ಣು ಕೋರ್ಟಿನ ತಾರೀಖಿಗೆ ಕಾಯಲ್ಲವಲ್ಲ! ಅದಕ್ಕೇ 1998ರಲ್ಲಿ ಇನ್ನೊಂದು ನಿಯಮ ತಂದರು: ಗಡಿಯಲ್ಲಿ ಮಾಲು ನಿಂತರೆ ಆ ದೇಶ ತಕ್ಷಣ ಕಮಿಷನ್‌ಗೆ ಸುದ್ದಿ ಕೊಡಬೇಕು, ಏನು ಕ್ರಮ ತಗೊಂಡ್ವಿ ಅಂತಲೂ ಹೇಳಬೇಕು. ಜನ ಅದನ್ನ ಸ್ಟ್ರಾಬೆರಿ ನಿಯಮ ಅಂತಲೇ ಕರೆದರು.

ನಮ್ಮಲ್ಲಿ ಇಂಥ ನಿಯಮ ಇಲ್ವಾ? ಅರ್ಧ ಇದೆ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಅನ್ನುತ್ತೆ. ಅದನ್ನ ಜಾರಿಗೆ ತರೋಕೆ ಸಂಸತ್ತು ಒಂದು ಪ್ರಾಧಿಕಾರ ನೇಮಿಸಬಹುದು ಅಂತ 307ನೇ ವಿಧಿಯಲ್ಲಿದೆ. ಅಂಥ ಪ್ರಾಧಿಕಾರ ಬೇಕು ಅಂತ ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿತ್ತು. ಇವತ್ತಿನವರೆಗೂ ನೇಮಕ ಆಗಿಲ್ಲ.

ಯುರೋಪ್ ಏಕೀಕರಣ ಓದಿದರೆ ಕಣ್ಣಿಗೆ ಬೀಳೋದು ಇದೇ. ಗೇಟ್ ತೆಗೆದ ಮಾತ್ರಕ್ಕೆ ಮಾರುಕಟ್ಟೆ ಒಂದಾಗಲ್ಲ. ಗೇಟ್ ಮತ್ತೆ ಬಿದ್ದಾಗ ಯಾರಿಗೆ ಹೇಳಬೇಕು, ಅವರು ಎಷ್ಟು ದಿನದಲ್ಲಿ ಬರ್ತಾರೆ ಅನ್ನೋದು ಮೊದಲೇ ಬರೆದಿರಬೇಕು. ನಮ್ಮಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಎರಾಸ್ಮಸ್ ಮುಂಡಸ್ ಮಾಸ್ಟರ್ಸ್ ಕೋರ್ಸ್‌ಗಳ ಪಟ್ಟಿ ನೋಡಿ, ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಓದಿ ವಾಪಸ್ ಬಂದವರಿಗೆ ನಂಗಲಿಯಲ್ಲೇ ಕೆಲಸ ಇದೆ.