ಬೋನಿನಿಂದ ಬಳಗದತ್ತ: ಮೃಗಾಲಯದ ಚಿಂಪಾಂಜಿಗಳ ವಸತಿ ಮತ್ತು ಸಮೂಹ ಜೀವನ

ಪ್ರಾಣಿಯನ್ನು ಎಲ್ಲಿ ಕಟ್ಟಬೇಕು, ಯಾವುದರ ಮಗ್ಗುಲಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಜನಪದ ಬದುಕಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ದೂಧಗಂಗಾ ನದಿಯ ದಂಡೆಯಲ್ಲಿರುವ ಸದಲಗಾ ಹಾಗೂ ಅದರ ಸುತ್ತಣ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳೆಯ ಮನೆಗಳಲ್ಲಿ ದನ ಮತ್ತು ಜನ ಒಂದೇ ಸೂರಿನ ಕೆಳಗೆ ಬಾಳಿದ್ದಾರೆ. ಸಂತೆಯಿಂದ ಹೊಸ ಎಮ್ಮೆ ತಂದ ರೈತ ಅದನ್ನು ಆ ದಿನವೇ ಹಳೆಯ ದನಗಳ ನಡುವೆ ಬಿಡುವುದಿಲ್ಲ. ಅವುಗಳ ಕಣ್ಣಿಗೆ ಕಾಣುವಂತೆ, ಆದರೆ ಕೊಂಬಿಗೆ ನಿಲುಕದಂತೆ ಕೆಲವು ದಿನ ಬೇರೆ ಗೂಟಕ್ಕೆ ಕಟ್ಟುತ್ತಾನೆ. ತಾಯಿ ಸತ್ತ ಕುರಿಮರಿಯನ್ನು ಮರಿ ಕಳೆದುಕೊಂಡ ಕುರಿಗೆ ಒಗ್ಗಿಸುವ ಜಾಣ್ಮೆ ಕುರಿಗಾರರಲ್ಲಿದೆ. ಅಕ್ಷರಕ್ಕೆ ಇಳಿಯದ ಈ ತಿಳಿವಳಿಕೆಯನ್ನು ಆಧುನಿಕ ಮೃಗಾಲಯಗಳು ತಮ್ಮದೇ ದಾರಿಯಲ್ಲಿ, ಬಹಳಷ್ಟು ರಕ್ತಪಾತದ ನಂತರ ಕಲಿತುಕೊಂಡವು. ಚಿಂಪಾಂಜಿಗಳನ್ನು ಇರಿಸುವ ಕ್ರಮದಲ್ಲಾದ ಬದಲಾವಣೆ ಈ ಕಲಿಕೆಗೆ ಒಳ್ಳೆಯ ನಿದರ್ಶನವಾಗಿದೆ.

ಗಡಿಭಾಗದ ಆಡುಮಾತಿನಲ್ಲಿ ಕೋತಿ, ಮುಸುವ, ಚಿಂಪಾಂಜಿ ಎಲ್ಲವೂ ‘ಮಂಗ್ಯಾ’ ಎಂಬ ಒಂದೇ ಹೆಸರಿನಲ್ಲಿ ಅಡಗಿಬಿಡುತ್ತವೆ. ಮಂಗ್ಯಾನ ಬಗೆಗಿನ ಜನಪದ ಭಾವನೆ ಎರಡು ಕವಲಿನದು. ಒಂದು ಕಡೆ ಅದು ಹನುಮಪ್ಪನ ರೂಪ. ಊರಲ್ಲಿ ಮಂಗ ಸತ್ತರೆ ಭಜನೆ ಮಾಡಿ, ಮೆರವಣಿಗೆ ತೆಗೆದು ಮಣ್ಣು ಕೊಡುವ ರೂಢಿ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿದೆ. ಮತ್ತೊಂದು ಕಡೆ ಅದು ಹಗ್ಗದ ತುದಿಯಲ್ಲಿ ಕುಣಿಯುವ, ಅಂಗಿ ತೊಟ್ಟು ನಗಿಸುವ ಜೀವಿ. 1998ರಲ್ಲಿ ಕೇಂದ್ರ ಸರಕಾರ ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಂಗನನ್ನು ಆಡಿಸಿ ಹೊಟ್ಟೆ ಹೊರೆಯುತ್ತಿದ್ದ ಅಲೆಮಾರಿ ಕುಟುಂಬಗಳ ಕಸುಬು ಅಲ್ಲಿಗೆ ಮುಗಿಯಿತಾದರೂ, ಮಂಗನೆಂದರೆ ನಗಿಸಬೇಕಾದದ್ದು ಎಂಬ ನಿರೀಕ್ಷೆ ಮಾತ್ರ ಉಳಿಯಿತು. ಮೈಸೂರಿಗೆ ಪ್ರವಾಸ ಹೋದವರು ಚಿಂಪಾಂಜಿಯ ಆವರಣದ ಮುಂದೆ ನಿಂತು ಚಪ್ಪಾಳೆ ತಟ್ಟುವುದರ ಹಿಂದೆ ಇದೇ ನಿರೀಕ್ಷೆಯಿದೆ.

ಈ ನಿರೀಕ್ಷೆ ನಮ್ಮಲ್ಲಿಗೆ ಮಾತ್ರ ಸೀಮಿತವಾದುದಲ್ಲ. ಲಂಡನ್ ಮೃಗಾಲಯಕ್ಕೆ ಮೊದಲ ಚಿಂಪಾಂಜಿ ಬಂದದ್ದು 1835ರಲ್ಲಿ. ಟಾಮಿ ಎಂದು ಹೆಸರಿಟ್ಟ ಆ ಎಳೆಯ ಪ್ರಾಣಿ ಕೆಲವೇ ತಿಂಗಳಲ್ಲಿ ಸತ್ತುಹೋಯಿತು. ಅದೇ ಮೃಗಾಲಯದಲ್ಲಿ 1926ರಿಂದ 1972ರವರೆಗೆ ಚಿಂಪಾಂಜಿ ಮರಿಗಳನ್ನು ಮೇಜಿನ ಸುತ್ತ ಕೂರಿಸಿ ಚಹಾ ಕುಡಿಸುವ ಆಟ ಪ್ರೇಕ್ಷಕರನ್ನು ರಂಜಿಸುತ್ತಿತ್ತು. ಈ ಆಟಕ್ಕೆ ಮರಿಗಳೇ ಬೇಕು. ಬೆಳೆದ ಚಿಂಪಾಂಜಿ ಮನುಷ್ಯನಿಗಿಂತ ಬಲಶಾಲಿ, ಹೇಳಿದಂತೆ ಕೇಳುವುದಿಲ್ಲ. ತಾಯಿಯಿಂದ ಅಗಲಿಸಿ ಮನುಷ್ಯರ ಕೈಯಲ್ಲಿ ಬೆಳೆಸಿದ ಇಂಥ ಮರಿಗಳು ದೊಡ್ಡವಾದ ಮೇಲೆ ತಮ್ಮವರ ನಡುವೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ತಿಳಿಯದೆ ಕಬ್ಬಿಣದ ಬೋನಿನಲ್ಲಿ ಒಂಟಿಯಾಗಿ ತೂಗಾಡುತ್ತ, ಮೈಮೇಲಿನ ಕೂದಲು ಕಿತ್ತುಕೊಳ್ಳುತ್ತ ಕಾಲ ಕಳೆದವು. ಚಿಂಪಾಂಜಿ ಮರಿ ನಾಲ್ಕೈದು ವರ್ಷ ತಾಯಿಯ ಹಾಲನ್ನು ಅವಲಂಬಿಸುತ್ತದೆ. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಐದಾರು ವರ್ಷಗಳ ಅಂತರವಿರುತ್ತದೆ. ಆ ಅವಧಿಯಲ್ಲಿ ಮರಿ ಕಲಿಯುವುದು ಹಣ್ಣು ಬಿಡಿಸುವುದನ್ನು ಮಾತ್ರವಲ್ಲ. ಯಾರಿಗೆ ತಲೆಬಾಗಬೇಕು, ಯಾರ ಹೇನು ಹೆಕ್ಕಬೇಕು, ಮರಿಯನ್ನು ಹೇಗೆ ಎತ್ತಿಕೊಳ್ಳಬೇಕು ಎಂಬುದನ್ನು ಕೂಡ. ತಾಯ್ತನವೂ ನೋಡಿ ಕಲಿಯುವ ವಿದ್ಯೆ.

ಚಿಂಪಾಂಜಿಯ ಸಹಜ ಸಮಾಜ ಎಂಥದೆಂಬುದು 1960ರ ದಶಕದವರೆಗೆ ಹೊರಜಗತ್ತಿಗೆ ಸರಿಯಾಗಿ ತಿಳಿದಿರಲಿಲ್ಲ. 1960ರಲ್ಲಿ ಜೇನ್ ಗುಡಾಲ್ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿಯೂ, 1965ರಲ್ಲಿ ಜಪಾನಿನ ತೊಶಿಸಾದ ನಿಶಿದಾ ಅದೇ ದೇಶದ ಮಹಾಲೆಯಲ್ಲಿಯೂ ಆರಂಭಿಸಿದ ಅಧ್ಯಯನಗಳು ಆ ಸಮಾಜದ ರಚನೆಯನ್ನು ಬಿಡಿಸಿ ತೋರಿಸಿದವು. ಇಪ್ಪತ್ತರಿಂದ ನೂರಕ್ಕೂ ಮಿಕ್ಕಿದ ಸದಸ್ಯರಿರುವ ಬಳಗ ಒಂದು ಸೀಮೆಯನ್ನು ತನ್ನದಾಗಿಸಿಕೊಂಡಿರುತ್ತದೆ. ಆದರೆ ಎಲ್ಲರೂ ಒಟ್ಟಿಗೆ ತಿರುಗಾಡುವುದಿಲ್ಲ. ಬೆಳಿಗ್ಗೆ ಮೂರು ನಾಲ್ಕು ಜನರ ಗುಂಪಾಗಿ ಚದುರಿ, ಹಣ್ಣು ಹೇರಳವಾಗಿರುವಲ್ಲಿ ಕೂಡಿ, ಮತ್ತೆ ಬೇರ್ಪಡುವುದು ಅವುಗಳ ದಿನಚರಿ. ಕೂಡುವಷ್ಟೇ ಮುಖ್ಯವಾದದ್ದು ಅಗಲುವ ಸ್ವಾತಂತ್ರ್ಯ. ಜಗಳವಾಡಿದವನು ನಾಲ್ಕು ದಿನ ಕಣ್ಣಿಗೆ ಬೀಳದೆ ಇದ್ದು ಬರಬಹುದು.

ಜನಪದ ವಿದ್ವಾಂಸರ ಗಮನ ಸೆಳೆಯುವ ಸಂಗತಿ ಇನ್ನೊಂದಿದೆ. ಚಿಂಪಾಂಜಿಗಳಲ್ಲಿ ಗಂಡು ಹುಟ್ಟಿದ ಬಳಗದಲ್ಲಿಯೇ ಸಾಯುವತನಕ ಉಳಿಯುತ್ತದೆ. ಹೆಣ್ಣು ಹರೆಯಕ್ಕೆ ಬಂದಾಗ ಬಹುಮಟ್ಟಿಗೆ ತವರನ್ನು ತೊರೆದು ನೆರೆಯ ಬಳಗವನ್ನು ಸೇರುತ್ತದೆ. ಮಹಾಲೆಯಲ್ಲಿ ಹೆಚ್ಚಿನ ಹೆಣ್ಣುಗಳು ಹೀಗೆ ಹೊರಹೋದರೆ, ಗೊಂಬೆಯಲ್ಲಿ ಉಳಿದುಕೊಂಡವೂ ಅನೇಕ. ಹೊಸ ಬಳಗದ ಹಿರಿಯ ಹೆಣ್ಣುಗಳು ಬಂದವಳನ್ನು ಮೊದಮೊದಲು ಬೆನ್ನಟ್ಟುತ್ತವೆ, ಕಚ್ಚುತ್ತವೆ. ಗಂಡುಗಳ ಆಸರೆಯಲ್ಲಿ ಅವಳು ಮೆಲ್ಲಗೆ ನೆಲೆ ಕಂಡುಕೊಳ್ಳುತ್ತಾಳೆ. ಗರತಿಯ ಹಾಡುಗಳಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ತವರನ್ನು ನೆನೆಯುವ ಸೊಸೆಯ ಚಿತ್ರ ಇಲ್ಲಿ ಯಾರಿಗಾದರೂ ನೆನಪಾಗದಿರದು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಮದುವೆ, ಕುಲ, ದೇವರು ಎಂಬ ಮನುಷ್ಯಲೋಕದ ಅರ್ಥಗಳು ಅಲ್ಲಿಲ್ಲ. ಆದರೆ ಮೃಗಾಲಯದ ವ್ಯವಸ್ಥಾಪಕನಿಗೆ ಈ ತಿಳಿವಳಿಕೆಯ ಉಪಯೋಗ ನೇರವಾದದ್ದು. ಬಳಗದಿಂದ ಬಳಗಕ್ಕೆ ಕಳುಹಿಸಬೇಕಾಗಿ ಬಂದರೆ ಹರೆಯದ ಹೆಣ್ಣನ್ನು ಕಳುಹಿಸುವುದು ಪ್ರಕೃತಿಗೆ ಹತ್ತಿರ. ಬೆಳೆದ ಗಂಡನ್ನು ಅಪರಿಚಿತ ಗಂಡುಗಳ ನಡುವೆ ಬಿಡುವುದೆಂದರೆ ಅದರ ಜೀವವನ್ನು ಪಣಕ್ಕಿಟ್ಟಂತೆ. ಗೊಂಬೆಯಲ್ಲಿ 1974ರಿಂದ ನಾಲ್ಕು ವರ್ಷ ಒಂದು ಬಳಗದ ಗಂಡುಗಳು, ತಮ್ಮಿಂದಲೇ ಒಡೆದುಹೋದ ಇನ್ನೊಂದು ಗುಂಪಿನ ಗಂಡುಗಳನ್ನು ಒಂದೊಂದಾಗಿ ಕೊಂದುಹಾಕಿದವು.

ಸಮಾಜದ ರಚನೆ ತಿಳಿಯದೆ ಗುಂಪು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಮೃಗಾಲಯವೇ ಸಾಕ್ಷಿ. 1925ರಲ್ಲಿ ಅಲ್ಲಿ ಕೃತಕ ಬಂಡೆಗಳ ‘ಮಂಗನ ಗುಡ್ಡ’ ಕಟ್ಟಿ ಸುಮಾರು ನೂರು ಹಮದ್ರಿಯಾಸ್ ಬಬೂನ್‌ಗಳನ್ನು ಬಿಡಲಾಯಿತು. ಇವು ಚಿಂಪಾಂಜಿಗಳಲ್ಲ, ಬಾಲವುಳ್ಳ ದೊಡ್ಡ ಮಂಗಗಳು. ಬಹುತೇಕ ಎಲ್ಲವೂ ಗಂಡು, ಒಂದನ್ನೊಂದು ಅರಿಯದವು. 1927ರಲ್ಲಿ ಮೂವತ್ತು ಹೆಣ್ಣುಗಳನ್ನು ತಂದು ಬಿಟ್ಟಾಗ ಗಂಡುಗಳು ಅವುಗಳಿಗಾಗಿ ಕಾದಾಡಿದವು. ಕೆಲವೇ ವರ್ಷಗಳಲ್ಲಿ ಹೆಣ್ಣುಗಳಲ್ಲಿ ಬಹುಪಾಲು ಸತ್ತುಹೋದವು. ವಿಷಾದದ ಸಂಗತಿಯೆಂದರೆ, ಆ ಗುಡ್ಡದ ಮೇಲೆ ಕಂಡದ್ದನ್ನೇ ಮಂಗಗಳ ಸ್ವಭಾವವೆಂದು ಬಹುಕಾಲ ನಂಬಲಾಯಿತು. ಕಾಡಿನಲ್ಲಿ ಪ್ರತಿ ಗಂಡೂ ತನ್ನದೇ ಕೆಲವು ಹೆಣ್ಣುಗಳ ಚಿಕ್ಕ ಸಂಸಾರ ಕಟ್ಟಿಕೊಳ್ಳುತ್ತದೆ, ಉಳಿದವರು ಅದನ್ನು ಮನ್ನಿಸುತ್ತಾರೆ ಎಂಬುದು ಆಮೇಲೆ ತಿಳಿದುಬಂದಿತು.

ಚಿಂಪಾಂಜಿಗಳ ಮಟ್ಟಿಗೆ ತಿರುವು ತಂದದ್ದು ಹಾಲೆಂಡಿನ ಆರ್ನೆಮ್ ಪಟ್ಟಣದ ಬರ್ಗರ್ಸ್ ಮೃಗಾಲಯ. 1971ರಲ್ಲಿ ಆಂಟನ್ ಮತ್ತು ಯಾನ್ ವಾನ್ ಹೂಫ್ ಸಹೋದರರು ಸುಮಾರು ಎರಡು ಎಕರೆಯ ದ್ವೀಪದಲ್ಲಿ, ಸುತ್ತ ನೀರಿನ ಕಂದಕ ತೋಡಿ, ಗಂಡು ಹೆಣ್ಣು ಮರಿಗಳೆಲ್ಲ ಕೂಡಿದ ದೊಡ್ಡ ಬಳಗವನ್ನು ನೆಲೆಗೊಳಿಸಿದರು. 1975ರಿಂದ ಅಲ್ಲಿ ಅವಲೋಕನ ನಡೆಸಿದ ಫ್ರಾನ್ಸ್ ಡಿ ವಾಲ್ 1982ರಲ್ಲಿ ಪ್ರಕಟಿಸಿದ ಚಿಂಪಾಂಜಿ ರಾಜಕಾರಣದ ಕುರಿತ ಗ್ರಂಥ ಜಗತ್ಪ್ರಸಿದ್ಧವಾಯಿತು. ಜಗಳವಾಡಿದ ಎರಡು ಚಿಂಪಾಂಜಿಗಳು ಸ್ವಲ್ಪ ಹೊತ್ತಿನಲ್ಲಿ ಕೈಚಾಚಿ, ಮುತ್ತಿಕ್ಕಿ ರಾಜಿಯಾಗುವುದನ್ನು ಅವರು ದಾಖಲಿಸಿದರು. ಮಾಮಾ ಎಂಬ ಹಿರಿಯ ಹೆಣ್ಣು ಮುನಿಸಿಕೊಂಡ ಗಂಡುಗಳ ನಡುವೆ ಕುಳಿತು ಅವುಗಳನ್ನು ಹತ್ತಿರ ತರುತ್ತಿತ್ತು. ಜಗಳಕ್ಕೆ ಅಣಿಯಾದ ಗಂಡಿನ ಕೈಯಿಂದ ಹೆಣ್ಣುಗಳು ಕಲ್ಲನ್ನು ಮೆಲ್ಲಗೆ ಬಿಡಿಸಿ ತೆಗೆದುಕೊಳ್ಳುತ್ತಿದ್ದವು. ಓಣಿಯ ಕಟ್ಟೆಯ ಮೇಲೆ ಪಂಚಾಯಿತಿ ನಡೆಸುವ ಹಿರಿಯ ಅಜ್ಜಿಯರನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ಚಳಿಗಾಲದಲ್ಲಿ ಇಡೀ ಬಳಗವನ್ನು ಇಕ್ಕಟ್ಟಾದ ಒಳಾಂಗಣಕ್ಕೆ ತಂದಾಗ ಜಗಳ ಹೆಚ್ಚಿದರೂ, ಜಾಗ ಕಿರಿದಾದ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಹೇನು ಹೆಕ್ಕುವ, ಸಮಾಧಾನಪಡಿಸುವ ನಡವಳಿಕೆಗಳೂ ಜೊತೆಗೇ ಹೆಚ್ಚಿದವು.

ಇಂಥ ಮಾದರಿ ಮೃಗಾಲಯದಲ್ಲಿಯೂ ದುರಂತ ತಪ್ಪಲಿಲ್ಲ. ಯೆರೂನ್, ಲೂಟ್, ನಿಕ್ಕಿ ಎಂಬ ಮೂರು ಬೆಳೆದ ಗಂಡುಗಳ ನಡುವೆ ಯಜಮಾನಿಕೆಗಾಗಿ ವರ್ಷಗಟ್ಟಲೆ ಪೈಪೋಟಿ ನಡೆದಿತ್ತು. ಹಗಲಿನ ಜಗಳದಲ್ಲಿ ಓಡಲು ಜಾಗವಿತ್ತು, ಬಿಡಿಸಲು ಹೆಣ್ಣುಗಳಿದ್ದವು. 1980ರ ಸೆಪ್ಟೆಂಬರಿನ ಒಂದು ರಾತ್ರಿ ಆ ಮೂರೂ ಗಂಡುಗಳು ಮಲಗುವ ಕೋಣೆಯಲ್ಲಿ ಒಟ್ಟಿಗಿದ್ದವು; ಹೆಣ್ಣುಗಳು ಬೇರೆಡೆ ಮಲಗಿದ್ದವು. ಬೆಳಗಾಗುವಷ್ಟರಲ್ಲಿ ಯಜಮಾನನಾಗಿದ್ದ ಲೂಟ್ ಉಳಿದಿಬ್ಬರ ದಾಳಿಯಿಂದ ಮಾರಣಾಂತಿಕವಾಗಿ ಗಾಯಗೊಂಡು ನೆತ್ತರಲ್ಲಿ ಕುಳಿತಿತ್ತು. ಚಿಕಿತ್ಸೆ ಫಲಿಸಲಿಲ್ಲ. ಕಾಡಿನಲ್ಲಿ ಪ್ರತಿ ಚಿಂಪಾಂಜಿ ತನಗೆ ಬೇಕಾದ ಮರದಲ್ಲಿ ಕೊಂಬೆ ಬಾಗಿಸಿ ಗೂಡು ಹೆಣೆದು ಮಲಗುತ್ತದೆ. ಮೃಗಾಲಯದಲ್ಲಿ ಮಲಗುವ ಜಾಗವನ್ನು ನಿರ್ಧರಿಸುವವನು ಮನುಷ್ಯ. ಪ್ರೇಕ್ಷಕರ ಕಣ್ಣಿಗೆ ಬೀಳದ ರಾತ್ರಿಯ ಕೋಣೆ ಹಗಲಿನ ಹಸಿರು ದ್ವೀಪಕ್ಕಿಂತ ಹೆಚ್ಚು ಮುಖ್ಯವೆಂಬುದು ಈ ಘಟನೆಯಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಒಳ್ಳೆಯ ವಸತಿ ಎಂದರೇನು? ಮೊದಲನೆಯದಾಗಿ, ಯಾವ ಕೋಣೆಗೂ ಒಂದೇ ಬಾಗಿಲಿರಬಾರದು. ಬೆನ್ನಟ್ಟಿಸಿಕೊಂಡ ಪ್ರಾಣಿ ಮೂಲೆಯಲ್ಲಿ ಸಿಕ್ಕಿಬೀಳದೆ ಇನ್ನೊಂದು ದಾರಿಯಿಂದ ಹೊರಬೀಳುವಂತಿರಬೇಕು. ಮುಂಬಾಗಿಲಿನಲ್ಲಿ ಮಾತು ಬೆಳೆದಾಗ ಹಿತ್ತಲ ಬಾಗಿಲಿನಿಂದ ನೆರೆಮನೆಗೆ ಸರಿಯುವ ಅನುಕೂಲ ನಮ್ಮ ಹಳ್ಳಿಮನೆಗಳಲ್ಲಿ ಇದ್ದಂತೆಯೇ ಇದು. ಕಣ್ಣಿಗೆ ಮರೆಯಾಗುವ ಗೋಡೆ, ದಿಬ್ಬ, ಪೊದೆಗಳೂ ಬೇಕು. ನೆಲದ ವಿಸ್ತಾರಕ್ಕಿಂತ ಎತ್ತರ ಮುಖ್ಯ. ಚಿಂಪಾಂಜಿಗೆ ನೆಮ್ಮದಿ ಸಿಗುವುದು ಜನರ ತಲೆಗಿಂತ ಮೇಲೆ ಕುಳಿತಾಗ. ಗೂಡು ಹೆಣೆಯಲು ಹುಲ್ಲು, ಸೊಪ್ಪಿನ ಕೊಂಬೆಗಳನ್ನು ದಿನವೂ ಒದಗಿಸಬೇಕು. ಕೃತಕ ಹುತ್ತದ ತೂತುಗಳಲ್ಲಿ ಜೇನುತುಪ್ಪ ಇಟ್ಟು, ಕಡ್ಡಿಯಿಂದ ಅದನ್ನು ಹೆರೆದು ತಿನ್ನುವಂತೆ ಮಾಡಿದರೆ ಬೇಸರ ಕಳೆಯುತ್ತದೆ. ಆಹಾರವನ್ನು ಒಂದೇ ಕಡೆ ಸುರಿದರೆ ಬಲಿಷ್ಠರ ಪಾಲಾಗುವುದರಿಂದ ಹತ್ತಾರು ಕಡೆ ಚೆಲ್ಲುವುದು ಲೇಸು. ನೀರಿನ ಕಂದಕ ನೋಡಲು ಅಂದವಾದರೂ ಅಪಾಯಕಾರಿ. ಚಿಂಪಾಂಜಿಗೆ ಈಜು ಬಾರದು. ಗದ್ದಲದಲ್ಲಿ ನೀರಿಗೆ ಬಿದ್ದು ಮುಳುಗಿದ ನಿದರ್ಶನಗಳು ಹಲವು ದೇಶಗಳ ಮೃಗಾಲಯಗಳಲ್ಲಿವೆ. ಮನುಷ್ಯನ ನೆಗಡಿ, ಕ್ಷಯ ಅವಕ್ಕೂ ತಗಲುವುದರಿಂದ ಪ್ರೇಕ್ಷಕನನ್ನು ದೂರವಿಡುವುದು ಅಥವಾ ನಡುವೆ ಗಾಜು ಇಡುವುದು ಅಗತ್ಯ.

ಹೊಸಬರನ್ನು ಬಳಗಕ್ಕೆ ಸೇರಿಸುವ ಕ್ರಮ ಸದಲಗಾದ ರೈತನ ಕ್ರಮಕ್ಕಿಂತ ಬಹಳ ಬೇರೆಯೇನೂ ಅಲ್ಲ. ಮೊದಲು ದನಿ ಮತ್ತು ವಾಸನೆ; ಬಳಿಕ ಜಾಲರಿಯ ಆಚೆ ನೋಟ; ಆಮೇಲೆ ಜಾಲರಿಯ ಸಂದಿಯಿಂದ ಬೆರಳು ಸೋಕುವಷ್ಟು ಸಲಿಗೆ. ಅನಂತರ ಬಳಗದ ಸೌಮ್ಯ ಸ್ವಭಾವದ ಒಂದು ಹೆಣ್ಣಿನೊಂದಿಗೆ ಜೋಡಿ ಮಾಡಿ, ಆ ಗೆಳೆತನ ಕುದುರಿದ ಮೇಲೆ ಇನ್ನೊಂದನ್ನು, ಮತ್ತೊಂದನ್ನು ಸೇರಿಸುತ್ತ ಹೋಗಲಾಗುತ್ತದೆ. ಯಜಮಾನ ಗಂಡಿನ ಭೇಟಿ ಅವಸರದಲ್ಲಿ ಆಗಬಾರದು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ತಬ್ಬಲಿ ಮರಿಯಾದರೆ ಮೊದಲು ಸಾಕುತಾಯಿಯೊಬ್ಬಳನ್ನು ಹುಡುಕಬೇಕು. ಆಕೆಯೇ ಅದರ ರಕ್ಷೆ. ಕಾವಲುಗಾರನ ಅನುಭವವೇ ಇಲ್ಲಿ ಪ್ರಧಾನ. ಯಾವ ಕೂಗು ಬರೀ ಆರ್ಭಟ, ಯಾವ ಮೌನ ದಾಳಿಯ ಮುನ್ಸೂಚನೆ ಎಂಬುದನ್ನು ವರ್ಷಗಟ್ಟಲೆ ಒಡನಾಡಿದವನು ಮಾತ್ರ ಬಲ್ಲ. ಆ ಜ್ಞಾನ ಬರೆದಿಡದೆ ನಿವೃತ್ತಿಯೊಂದಿಗೆ ಕಳೆದುಹೋಗುತ್ತಿರುವುದು ಜಾನಪದ ಅಧ್ಯಯನಕಾರರು ಯೋಚಿಸಬೇಕಾದ ವಿಷಯ. ಕುಲಕಸುಬುಗಳ ದಾಖಲೀಕರಣದ ಪಟ್ಟಿಯಲ್ಲಿ ಮೃಗಾಲಯದ ಕಾವಲುಗಾರರಿಗೂ ಜಾಗವಿರಬೇಕಾಗಿತ್ತು.

ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯ ಕೇಂದ್ರ ಮೈಸೂರು. ಹತ್ತನೆಯ ಚಾಮರಾಜ ಒಡೆಯರು 1892ರಲ್ಲಿ ಅರಮನೆಯ ಮೃಗಾಲಯವಾಗಿ ಆರಂಭಿಸಿದ ಶ್ರೀ ಚಾಮರಾಜೇಂದ್ರ ಮೃಗಾಲಯ 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಅದಕ್ಕಾಗಿಯೇ ರಚಿತವಾದ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೂ ಸೇರಿತು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಎಂಬ ಮೂರೂ ಬಗೆಯ ಮಹಾವಾನರಗಳನ್ನು ಇಲ್ಲಿ ಕಾಣಬಹುದು. ಮೂರರ ಸಂಸಾರವೂ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಒರಾಂಗುಟಾನ್ ಬಹುಮಟ್ಟಿಗೆ ಒಂಟಿ ಬಾಳಿನದು. ಗೊರಿಲ್ಲಾದ್ದು ಒಂದು ಬೆಳ್ಳಿಬೆನ್ನಿನ ಗಂಡು, ಹಲವು ಹೆಣ್ಣುಗಳ ಕುಟುಂಬ. ಚಿಂಪಾಂಜಿಯದು ಹಲವು ಗಂಡು, ಹಲವು ಹೆಣ್ಣುಗಳ ಬಳಗ. ಒಂದೇ ಅಳತೆಯ ಆವರಣ ಮೂರಕ್ಕೂ ಹೊಂದದು.

1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾದಾಗ ಬಂದ ನಿಯಮಗಳು, ಸಕಾರಣವಿಲ್ಲದೆ ಯಾವ ಪ್ರಾಣಿಯನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೊತೆಯಿಲ್ಲದೆ ಇಡಕೂಡದು ಎಂದು ವಿಧಿಸಿದವು. ವಾಸ್ತವ ಅಷ್ಟು ಸುಲಭವಲ್ಲ. ಆಮ್‌ಸ್ಟರ್‌ಡಾಮ್‌ನಲ್ಲಿ 1960ರಲ್ಲಿ ಹುಟ್ಟಿ 1964ರಲ್ಲಿ ದೆಹಲಿಗೆ ಬಂದ ರೀಟಾ ಎಂಬ ಹೆಣ್ಣು ಚಿಂಪಾಂಜಿ ಇಳಿವಯಸ್ಸನ್ನು ಒಂಟಿಯಾಗಿ ಕಳೆದು 2019ರಲ್ಲಿ ಕೊನೆಯುಸಿರೆಳೆಯಿತು. ಮೈಸೂರಿಗೆ 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ ಎಂಬ ಗೊರಿಲ್ಲಾ ಸಂಗಾತಿಯಿಲ್ಲದೆ ವರ್ಷಗಳನ್ನು ಸವೆಸಿ 2014ರಲ್ಲಿ ಸತ್ತಿತು. ಆಫ್ರಿಕದ ಕಾಡಿನಿಂದ ಹಿಡಿದು ತರುವುದು ಇಂದು ನ್ಯಾಯವೂ ಅಲ್ಲ, ಕಾನೂನುಬದ್ಧವೂ ಅಲ್ಲ. ಬೇರೆ ಮೃಗಾಲಯಗಳ ವಿನಿಮಯವೊಂದೇ ದಾರಿ, ಅಲ್ಲಿಯೂ ಕೊಡಲು ಸಿಗುವುದು ಹೆಚ್ಚಾಗಿ ಉಳಿಕೆ ಗಂಡುಗಳು. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಗೊರಿಲ್ಲಾಗಳಾದ ಥಾಬೋ ಮತ್ತು ಡೆಂಬಾ ಎರಡೂ ಗಂಡುಗಳೇ. ಹೆಣ್ಣುಗಳಿಲ್ಲದ ಕಡೆ ಗಂಡುಗಳನ್ನು ಒಟ್ಟಿಗಿಡುವ ಪದ್ಧತಿ ಗೊರಿಲ್ಲಾಗಳ ವಿಷಯದಲ್ಲಿ ಹಲವೆಡೆ ಬಳಕೆಯಲ್ಲಿದೆ. ಅವುಗಳಿಗಾಗಿ ಹೊಸ ಆವರಣವನ್ನು ಪ್ರಾಣಿಗಳು ಬರುವ ಮೊದಲೇ ಕಟ್ಟಿ ಮುಗಿಸಲಾಗಿತ್ತು.