ರಬ್ಬರ್ ಹಾಲಿನ ಹಾಸಿಗೆ: ಅಂಗಡಿಯಲ್ಲೋ, ಆನ್‌ಲೈನಿನಲ್ಲೋ?

ಮಕ್ಕಳೇ, ನೀವು ಊದಿ ಆಡುವ ಬಲೂನಿಗೂ ಅಜ್ಜ ಮಲಗುವ ಹಾಸಿಗೆಗೂ ನಂಟಿರಬಹುದು ಗೊತ್ತೇ? ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಹೋದರೆ ಸಾಲಾಗಿ ನಿಂತ ರಬ್ಬರ್ ಮರಗಳು, ಅವುಗಳಿಗೆ ಕಟ್ಟಿದ ಕರಟಗಳು ಕಾಣುತ್ತವೆ. ಮುಂಜಾನೆಯ ತಂಪಿನಲ್ಲಿ ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತಿದರೆ ಬಿಳಿ ಹಾಲು ಕರಟಕ್ಕೆ ತೊಟ್ಟಿಕ್ಕುತ್ತದೆ. ಅದೇ ಲ್ಯಾಟೆಕ್ಸ್. ಅದು ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿ, ನೀರಿನಂಶ ಕಡಿಮೆ ಮಾಡಿ, ಗಂಧಕ ಮುಂತಾದವನ್ನು ಸ್ವಲ್ಪ ಸೇರಿಸಿ, ನೊರೆ ಬರುವಂತೆ ಕಡೆಯುತ್ತಾರೆ. ಆ ನೊರೆಯನ್ನು ಅಚ್ಚಿಗೆ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಹಾಸಿಗೆ. ಇಡ್ಲಿ ಬೇಯಿಸಿದ ಹಾಗೆಯೇ ಅನ್ನಿ!

ಆದರೆ ‘ಲ್ಯಾಟೆಕ್ಸ್’ ಎಂಬ ಚೀಟಿ ಅಂಟಿಸಿದ ಹಾಸಿಗೆಗಳೆಲ್ಲ ಒಂದೇ ಅಲ್ಲ. ಕೆಲವು ಪೂರ್ತಿ ಮರದ ಹಾಲಿನವು. ಕೆಲವಕ್ಕೆ ಪೆಟ್ರೋಲಿಯಂನಿಂದ ತಯಾರಿಸಿದ ಕೃತಕ ಲ್ಯಾಟೆಕ್ಸ್ ಬೆರೆಸಿರುತ್ತಾರೆ. ಇನ್ನು ಕೆಲವಲ್ಲಿ ಮೇಲೆ ಒಂದೆರಡು ಅಂಗುಲ ಮಾತ್ರ ಲ್ಯಾಟೆಕ್ಸ್, ಕೆಳಗೆಲ್ಲ ಸಾಮಾನ್ಯ ಫೋಮ್. ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಮಾಡುವ ಕಾಯರ್ ಹಾಸಿಗೆಯೂ ಉಂಟು. ಅದು ಗಟ್ಟಿಮುಟ್ಟಾದದ್ದೇ, ಆದರೆ ಅದು ಬೇರೆ ವಸ್ತು, ಅದರ ಬೆಲೆಯೂ ಬೇರೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಒಂದು ಅಭ್ಯಾಸ. ಚೆಕ್ಕು ಕೈಗೆ ಬಂದರೆ ಅಕ್ಷರದಲ್ಲಿ ಬರೆದ ಮೊತ್ತವನ್ನೂ ಅಂಕಿಯಲ್ಲಿ ಬರೆದದ್ದನ್ನೂ ತಾಳೆ ನೋಡುವುದು. ಹಾಸಿಗೆಗೂ ಇದೇ ಕ್ರಮ ಸಾಕು. ಅಕ್ಷರದಲ್ಲಿ ‘ನ್ಯಾಚುರಲ್’ ಎಂದಿದ್ದರೆ, ಅಂಕಿ ಏನು ಹೇಳುತ್ತದೆ?

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. 6 ಅಡಿ ಉದ್ದ, 3 ಅಡಿ ಅಗಲ, ಅರ್ಧ ಅಡಿ ದಪ್ಪದ ಹಾಸಿಗೆ ಎಂದರೆ 9 ಘನ ಅಡಿ. ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ. ಲ್ಯಾಟೆಕ್ಸ್‌ನ ಸಾಂದ್ರತೆ ಘನ ಮೀಟರಿಗೆ 80 ಕೆ.ಜಿ. ಎಂದಿಟ್ಟುಕೊಂಡರೆ ಹಾಸಿಗೆಯ ತೂಕ ಸುಮಾರು 20 ಕೆ.ಜಿ. ಬರುತ್ತದೆ. 30 ಕೆ.ಜಿ. ಸಾಂದ್ರತೆಯ ಸಾಮಾನ್ಯ ಫೋಮಾದರೆ ಎಂಟು ಕೆ.ಜಿ. ಕೂಡ ಆಗದು. ಆದ್ದರಿಂದ ಈ ಅಳತೆಯ ‘ಪೂರ್ತಿ ಲ್ಯಾಟೆಕ್ಸ್’ ಹಾಸಿಗೆಯನ್ನು ಹುಡುಗನೊಬ್ಬ ಸಲೀಸಾಗಿ ಎತ್ತಿ ಹೆಗಲಿಗೆ ಹಾಕಿಕೊಂಡರೆ ಅನುಮಾನಪಡಿ. ತೂಕ ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಕೃತಕ ಲ್ಯಾಟೆಕ್ಸ್ ಕೂಡ ಭಾರವೇ. ಹಾಗಾಗಿ ಯಾವ ಪದರ ಎಷ್ಟು ಅಂಗುಲ, ನೈಸರ್ಗಿಕ ಹಾಲು ಶೇಕಡಾ ಎಷ್ಟು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹೊದಿಕೆಗೆ ಜಿಪ್ ಇದ್ದರೆ ಬಿಚ್ಚಿ ತೋರಿಸಲು ಕೇಳಿ. ‘ಗಾಲ್ಸ್’ ಎಂಬ ಸಾವಯವ ಲ್ಯಾಟೆಕ್ಸ್ ಪ್ರಮಾಣಪತ್ರದ ಹೆಸರು ಹೇಳಿದರೆ, ಅದರ ಸಂಖ್ಯೆಯನ್ನೂ ಕೇಳಿ.

ಇನ್ನು ಹಿರಿಯರಿಗೆ ಮುಖ್ಯವಾದ ಅಂಕಿ ಎತ್ತರ. ಅಜ್ಜಿ ಕುರ್ಚಿಯಲ್ಲಿ ಕೂತಾಗ ನೆಲದಿಂದ ಮೊಣಕಾಲಿನವರೆಗೆ ಟೇಪ್ ಹಿಡಿದು ಅಳೆಯಿರಿ. 17 ಅಂಗುಲ ಬಂತೆನ್ನಿ. ಮಂಚ 14 ಅಂಗುಲವಿದ್ದು, ಅದರ ಮೇಲೆ 10 ಅಂಗುಲದ ಹಾಸಿಗೆ ಹಾಕಿದರೆ 24 ಅಂಗುಲ! ನಡುರಾತ್ರಿ ಬಚ್ಚಲಿಗೆ ಹೋಗಲು ಎದ್ದಾಗ ಕಾಲು ನೆಲಕ್ಕೆ ಎಟುಕುವುದಿಲ್ಲ. ಈ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ, ಹಾಸಿಗೆಗೆ ಕೊಟ್ಟ ಹಣ ಲೆಕ್ಕಕ್ಕೇ ಬಾರದು. ಮಂಚ ಎತ್ತರವಿದ್ದರೆ ತೆಳು ಹಾಸಿಗೆಯನ್ನೇ ಆರಿಸಿ.

ಅಂಗಡಿಯ ದೊಡ್ಡ ಅನುಕೂಲವೆಂದರೆ ಮಲಗಿ ನೋಡಬಹುದು. ಅಂಗೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ಚಪ್ಪಲಿ ಬಿಟ್ಟು, ನೀವು ಮನೆಯಲ್ಲಿ ಮಲಗುವ ಮಗ್ಗುಲಿಗೇ ತಿರುಗಿ ಒಂದು ಹತ್ತು ನಿಮಿಷ ಮಲಗಿ. ಸಂಕೋಚ ಬೇಡ, ಮಾರುವವರಿಗೆ ಇದು ಹೊಸದಲ್ಲ. ಮಗ್ಗುಲು ಬದಲಿಸಲು, ಕೈಯೂರಿ ಏಳಲು ಕಷ್ಟವಾಗುತ್ತದೆಯೇ ಗಮನಿಸಿ.

ಆನ್‌ಲೈನಿನಲ್ಲಿ ಹತ್ತು ಹಾಸಿಗೆಗಳ ಪದರ, ತೂಕ, ಬೆಲೆಯನ್ನು ಕೂತಲ್ಲೇ ಹೋಲಿಸಬಹುದು. ಮೊಮ್ಮಕ್ಕಳು ಓದಿ ಹೇಳಲಿ, ಅಜ್ಜ ಕಾಗದದಲ್ಲಿ ಬರೆದುಕೊಳ್ಳಲಿ. ಎಷ್ಟೋ ಕಂಪನಿಗಳು ‘ಇಷ್ಟು ರಾತ್ರಿ ಮಲಗಿ ನೋಡಿ, ಬೇಡವಾದರೆ ವಾಪಸು’ ಎನ್ನುತ್ತವೆ. ಆಗ ಮೂರು ಪ್ರಶ್ನೆ ಕೇಳಿ: ನಮ್ಮ ಊರಿಗೆ ಬಂದು ಒಯ್ಯುತ್ತಾರೆಯೇ? ಸಾಗಾಟದ ಖರ್ಚು ಯಾರದು? ಹಣ ಪೂರ್ತಿ ವಾಪಸು ಬರುತ್ತದೆಯೇ? ಸುರುಳಿ ಸುತ್ತಿ ಬಂದ ಹಾಸಿಗೆಯನ್ನು ಬಿಚ್ಚಿದ ಮೇಲೆ ಮೊದಲಿನಂತೆ ಸುತ್ತಲು ನಮ್ಮಿಂದಾಗದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಹಿಂತಿರುಗಿಸುವ ಷರತ್ತುಗಳನ್ನು ಗ್ರಾಹಕರಿಗೆ ತಿಳಿಸಲೇಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಮಾರಿದವರು ಯಾವ ಊರಿನಲ್ಲಿದ್ದರೂ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೇ ಬಿಲ್ಲು ಜೋಪಾನ.

ನನ್ನನ್ನು ಕೇಳಿದರೆ, ಬೆನ್ನುನೋವು, ಮೊಣಕಾಲುನೋವು ಇರುವ ಹಿರಿಯರು ಮೊದಲು ಅಂಗಡಿಯಲ್ಲಿ ಮಲಗಿ ನೋಡಲಿ, ಆಮೇಲೆ ಆನ್‌ಲೈನ್ ಬೆಲೆ ತಾಳೆ ನೋಡಲಿ. ಹತ್ತಿರದಲ್ಲಿ ಅಂಗಡಿಯೇ ಇಲ್ಲದವರು, ಮನೆಗೆ ಬಂದು ವಾಪಸು ಒಯ್ಯುತ್ತೇವೆಂದು ಬರೆದುಕೊಡುವವರಲ್ಲಿ ಮಾತ್ರ ತರಿಸಲಿ. ಬಲೂನು, ರಬ್ಬರ್ ಕೈಚೀಲ ಮುಟ್ಟಿದರೆ ಮೈ ತುರಿಸುವವರು ಮನೆಯಲ್ಲಿದ್ದರೆ ಮೊದಲು ವೈದ್ಯರನ್ನು ಕೇಳಿ.

ಕೊನೆಗೆ ಅಜ್ಜಿಯರಿಗೆ ಒಂದು ಮಾತು. ಹತ್ತಿ ಹಾಸಿಗೆಯಂತೆ ಇದನ್ನು ಬಿಸಿಲಿಗೆ ಹಾಕಬೇಡಿ. ಬಿಸಿಲಿಗೆ ರಬ್ಬರ್ ಗಡುಸಾಗಿ ಪುಡಿಪುಡಿಯಾಗುತ್ತದೆ. ಗಾಳಿಯಾಡುವ ನೆರಳು ಸಾಕು. ಮೇಲೊಂದು ಹತ್ತಿಯ ಹೊದಿಕೆ ಇರಲಿ, ಕೆಳಗೆ ಪಟ್ಟಿ ಪಟ್ಟಿಯ ಮಂಚವಿದ್ದರೆ ಇನ್ನೂ ಒಳ್ಳೆಯದು.